ಮಾಡದೊಳಗಿನ ಕುದುರೆ

ಕುಪ್ಪೇಲೂರಿಗೆ ಸೊಸೆಯಾಗಿ ಬಂದು ಇನ್ನೂ ಮೂರು ವಾರ ತುಂಬಿರಲಿಲ್ಲ, ಆಗಲೇ ಶಿಲ್ಪಾ ಮನೆದೇವರ ಮೇಲೆ ಕುಳಿತು ಕಾಯಿ ತುರಿದುಬಿಟ್ಟಿದ್ದಳು.

ಪಾಪ, ಗೊತ್ತಿದ್ದು ಮಾಡಿದ್ದಲ್ಲ. ಅಂದು ಭಾನುವಾರ, ಅತ್ತೆ ಮುದುಕವ್ವ ಮನೆದೇವರು ಮೈಲಾರಪ್ಪನ ದೇವರಗುಡ್ಡಕ್ಕೆ ಹೋಗಿದ್ದಳು. ಬರುವಷ್ಟರಲ್ಲಿ ಕಾಯಿಕಡುಬು ಮಾಡಿ ಸೈ ಎನಿಸಿಕೊಳ್ಳುವ ಆಸೆ ಸೊಸೆಗೆ. ಕರೆಂಟಿಲ್ಲದೆ ಮಿಕ್ಸರ್ ಸುಮ್ಮನಿತ್ತು. ತಗಡಿನ ತುರಿಮಣೆ ಪಕ್ಕದ ಮನೆಯ ಜಯವ್ವನಲ್ಲಿಗೆ ಹೋಗಿ ಎರಡು ದಿನವಾಗಿತ್ತು. ಆಗ ಅಡುಗೆಮನೆಯ ಗೋಡೆಯಲ್ಲಿ ಕೊರೆದ ಮಾಡದಲ್ಲಿ ಕಟ್ಟಿಗೆಯ ಕುದುರೆ ಕಂಡಿತು. ಬೆನ್ನ ಸೀಳಿನಲ್ಲಿ ಮಡಚಿಟ್ಟ ಅಲಗು, ಅದರ ತುದಿಗೆ ತುರಿಯುವ ಹಲ್ಲು. ಈಳಿಗೆ ಎನ್ನಲು ಇನ್ನೇನು ಬೇಕು? ಮೈತುಂಬ ಭಂಡಾರದ ಅರಿಶಿನವಿತ್ತು, ನಿಜ. ಆದರೆ ಬ್ಯಾಡಗಿಯ ಅವಳ ತವರಿನಲ್ಲಿ ದಸರೆಗೆ ಒರಳಿಗೂ ಅರಿಶಿನ ಹಚ್ಚುತ್ತಾರೆ, ಮರುದಿನ ಅದರಲ್ಲೇ ಖಾರ ರುಬ್ಬುತ್ತಾರೆ. ತೊಳೆದಳು, ಕುಳಿತಳು, ತುರಿಯತೊಡಗಿದಳು.

ಅರ್ಧ ಕಾಯಿ ಮುಗಿದಿತ್ತು, ಊದಿನಕಡ್ಡಿ ಹಿಡಿದು ಜಯವ್ವ ಬಂದಳು.

"ಮೈಲಾರಪ್ಪನ ಕುದರಿ ಮ್ಯಾಲೆ ಕುಂತೀಯಲ್ಲ ತಂಗಿ. ಮೂವತ್ತು ವರ್ಷದಿಂದ ನಿಮ್ಮತ್ತಿ ಯಾರನ್ನೂ ಮುಟ್ಟಾಕ ಬಿಟ್ಟಿಲ್ಲ."

ಶಿಲ್ಪಾ ತುರಿಯುವುದನ್ನು ಬಿಟ್ಟು ದಡಬಡಿಸಿ ಎದ್ದಳು. ಒಲೆ ಆರಿಸಿ ಮೂಲೆ ಹಿಡಿದಳು. ಇನ್ನು ಈ ಮನೆಯಲ್ಲಿ ತನಗೆ ಜಾಗವಿಲ್ಲ, ತವರಿಗೆ ಯಾವ ಮುಖ ಹೊತ್ತು ಹೋಗಲಿ ಎಂದು ಮಧ್ಯಾಹ್ನದವರೆಗೂ ಕೊರಗಿದಳು.

ಅತ್ತೆ ಬಸ್ಸಿಳಿದು ಬಂದು ಚೀಲ ಇಡುವ ಮೊದಲೇ ಶಿಲ್ಪಾ ಕಾಲಿಗೆ ಬಿದ್ದು ಎಲ್ಲ ಹೇಳಿದಳು. ಮುದುಕವ್ವ ಕುದುರೆಯನ್ನೊಮ್ಮೆ ನೋಡಿ, ಓಣಿಯನ್ನೊಮ್ಮೆ ನೋಡಿ, ಬಾಗಿಲಿಗೆ ಚಿಲಕ ಹಾಕಿದಳು. ಮುಗಿಯಿತು ತನ್ನ ಕಥೆ ಎಂದುಕೊಂಡಳು ಶಿಲ್ಪಾ. ನೋಡಿದರೆ ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಾಳೆ.

"ಏಳ ಹುಚ್ಚಿ. ಅದು ಈಳಗೀನ ಐತಿ. ನಮ್ಮತ್ತಿ ತವರಿಂದ ತಂದಿದ್ದು. ಓಣ್ಯಾಗ ಯಾರ ಮದುವಿ ಇದ್ರೂ ಕಡಾ ಒಯ್ಯವ್ರು. ಜಯವ್ವನ ಮನಿಗೆ ಹೋಗಿದ್ದು ಮೂರು ಕಾಲಿನ್ಯಾಗ ವಾಪಸ್ ಬಂತು. ಕಾಲು ಕೂಡಿಸಿ, ಭಂಡಾರ ಬಳದು ಮಾಡದಾಗ ಇಟ್ಟೆ. ದೇವರನ್ನ ಯಾರು ಕಡಾ ಕೇಳ್ತಾರ?"

ಶಿಲ್ಪಾಳಿಗೆ ಹೋದ ಜೀವ ಬಂದಂತಾಯಿತು. ಕಣ್ಣೊರೆಸಿಕೊಂಡು ಕೇಳಿದಳು, "ಮತ್ತ ನೀವರ ಯಾಕ ಬಳಸಲಿಲ್ರಿ ಅತ್ತಿ?"

"ಆಕಿ ದಿನಾ ಕಡ್ಡಿ ಹಚ್ಚಾಕ ಬಂದ್ರ ಹೆಂಗ ತುರೀಲಿ? ಆ ತಗಡಿಗೆ ಬೆರಳು ತುರಕೊಂಡಿದ್ದಾತು. ಈ ಸುಳ್ಳಿಗೇ ವರ್ಷಾ ಗುಡ್ಡಕ್ಕ ಹೋಗಿ ಗಲ್ಲ ಬಡಕೊಂಡು ಬರ್ತೇನಿ. ಈಗ ಜಯವ್ವಗ ಏನ ಹೇಳೂದು?"

ಶಿಲ್ಪಾ ಕುದುರೆಯ ಬೆನ್ನಿಗಂಟಿದ್ದ ಕಾಯಿತುರಿ ಒರೆಸಿದಳು. "ಮೈಲಾರಪ್ಪ ಈ ಮನಿ ಹೆಣ್ಮಕ್ಕಳ ಕೈಯಾಗಷ್ಟ ದುಡೀತೇನಿ ಅಂದಾನ ಅಂತ ಹೇಳ್ರಿ."

ಮುದುಕವ್ವ ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನೀ ಈ ಮನ್ಯಾಗ ಬಾಳತೀ ಬಿಡು," ಎಂದು ಸೆರಗು ಸಿಕ್ಕಿಸಿ, ಉಳಿದರ್ಧ ಕಾಯಿ ಎತ್ತಿಕೊಂಡು, ಮೂವತ್ತು ವರ್ಷದ ಮೇಲೆ ತಾನೇ ಕುದುರೆ ಏರಿದಳು.