ಫೋನ್ ಚಿಕ್ಕಮ್ಮನ ಮೇಜಿಗೆ ಎಐ ಬಂದದ್ದು

ವೀಲ್‌ಚೇರ್ ಮಾಡುವ ಆ ಪುಟ್ಟ ವರ್ಕ್‌ಶಾಪಿನಲ್ಲಿ ಮೂರು ವಾರದೊಳಗೆ ಇದು ಎರಡನೇ ಎಡವಟ್ಟು. ಹದಿನಾರು ಇಂಚಿನ ಸೀಟು ಕೇಳಿದವರಿಗೆ ಹದಿನೆಂಟು ಇಂಚಿನದು ಹೋಗಿತ್ತು. ಕುರ್ಚಿಯನ್ನು ವಾಪಸ್ ತಂದವರು ಬೈಯಲಿಲ್ಲ. "ಅಮ್ಮ ಇದರಲ್ಲಿ ಒಂದು ಪಕ್ಕಕ್ಕೆ ವಾಲಿಬಿಡ್ತಾರೆ" ಎಂದಷ್ಟೇ ಹೇಳಿ ಹೋದರು. ಬೈದಿದ್ದರೇ ವಾಸಿಯಿತ್ತು ಎನಿಸಿತು ಫೋನ್ ಚಿಕ್ಕಮ್ಮನಿಗೆ.

ಇಪ್ಪತ್ತೆರಡು ವರ್ಷದಿಂದ ಅಲ್ಲಿ ಫೋನ್ ಎತ್ತಿ ಅಳತೆ ಬರೆದುಕೊಳ್ಳುವುದು ಅವರ ಕೆಲಸ; ಅದಕ್ಕೇ ಗಿರಾಕಿಗಳಿಗೆಲ್ಲ ಅವರು ಫೋನ್ ಚಿಕ್ಕಮ್ಮ. ಅಕ್ಕ ಕಟ್ಟಿದ ವರ್ಕ್‌ಶಾಪು. ಈಗ ಅಕ್ಕನ ಮಗಳು ನಡೆಸುತ್ತಾಳೆ. ಯಾರಿಗೆ ಯಾವ ಕಾಲು ಸೋತಿದೆ, ಯಾರ ಮನೆಯ ಬಾಗಿಲು ಇಕ್ಕಟ್ಟು, ಎಲ್ಲ ಚಿಕ್ಕಮ್ಮನಿಗೆ ಬಾಯಿಪಾಠ. ಆದರೆ ಒಂದು ವರ್ಷದಿಂದ ಕಿವಿ ಮಂದವಾಗುತ್ತಿತ್ತು. ಯಾರಿಗೂ ಹೇಳಿರಲಿಲ್ಲ. "ಇನ್ನೊಂದ್ಸಲ ಹೇಳಿ" ಎಂದು ಎರಡು ಸಲ ಕೇಳುತ್ತಿದ್ದರು. ಮೂರನೇ ಸಲ ಕೇಳಲು ನಾಚಿಕೆ. ಅಂದಾಜಿನ ಮೇಲೆ ಬರೆದುಬಿಡುತ್ತಿದ್ದರು.

"ಚಿಕ್ಕಮ್ಮ, ಎಐ ಇರೋ ಒಂದು ಸಾಫ್ಟ್‌ವೇರ್ ಬಂದಿದೆಯಂತೆ" ಎಂದಳು ಅಕ್ಕನ ಮಗಳು. "ಫೋನಲ್ಲಿ ಹೇಳಿದ್ದನ್ನ ಅದೇ ಬರ್ಕೊಳ್ಳತ್ತೆ, ಉತ್ತರಾನೂ ಅದೇ ಕೊಡತ್ತೆ. ನೀವು ಸ್ವಲ್ಪ ರೆಸ್ಟ್ ತಗೊಳ್ಳಿ."

ಅವಳು ಅಕ್ಕರೆಯಿಂದಲೇ ಹೇಳಿದ್ದು. ಆದರೆ ಆ 'ರೆಸ್ಟ್' ಅನ್ನುವ ಮಾತು ಚಿಕ್ಕಮ್ಮನ ಎದೆಗೆ ಚುಚ್ಚಿತು. ಮುಖ ಸಣ್ಣದಾಯಿತು. ಮೇಜಿನ ಡ್ರಾಯರ್ ಎಳೆದು, ಅಳತೆ ಟೇಪು, ಕನ್ನಡಕದ ಡಬ್ಬಿ ಎಲ್ಲ ಚೀಲಕ್ಕೆ ತುಂಬತೊಡಗಿದರು.

ಆಗ ಒಳಗೆ ಬಂದವರು ಅವರ ಅಣ್ಣ. ಮೂವತ್ತೆಂಟು ವರ್ಷ ಲಿಫ್ಟುಗಳ ಕೆಲಸ ಮಾಡಿ ನಿವೃತ್ತರಾದ ಎಂಜಿನಿಯರ್. ವಾರಕ್ಕೊಮ್ಮೆ ಬಂದು ಕುರ್ಚಿಗಳ ಬ್ರೇಕು ಪರೀಕ್ಷಿಸಿ ಹೋಗುತ್ತಾರೆ. ಚೀಲ ನೋಡಿದರು, ಸ್ಟೂಲ್ ಎಳೆದುಕೊಂಡು ತಂಗಿಯ ಬಲಗಡೆ ಕೂತರು.

"ಎಲ್ಲಿಗೆ ಸವಾರಿ?"

"ಮನೆಗೆ. ನನ್ನ ಜಾಗಕ್ಕೆ ಮಿಷನ್ ಬರ್ತಿದೆ."

"ಬರಲಿ. ಅದಕ್ಕೆ ಕಿವಿ ಚೆನ್ನಾಗಿದೆ. ನಿಂಗೆ ಅದೊಂದೇ ತಾನೇ ಕಮ್ಮಿ?"

ಚಿಕ್ಕಮ್ಮ ಬೆಚ್ಚಿದರು. "ಯಾರು ಹೇಳಿದ್ರು ನಿಂಗೆ?"

"ಆರು ತಿಂಗಳಿಂದ ನಿನ್ನ ಬಲಗಡೆನೇ ಕೂರ್ತಿದೀನಿ. ಎಡಗಡೆ ಕೂತ್ರೆ ನಿಂಗೆ ಕೇಳ್ಸಲ್ಲ ಕಣೇ."

ಚಿಕ್ಕಮ್ಮನ ಕಣ್ಣು ತುಂಬಿಬಂತು. ಹೊಸ್ತಿಲಲ್ಲಿ ನಿಂತಿದ್ದ ಅಕ್ಕನ ಮಗಳು ಓಡಿಬಂದು ಅವರ ಕೈ ಹಿಡಿದಳು. "ಅಯ್ಯೋ, ನಂಗೆ ಹೇಳ್ಬಾರದಿತ್ತಾ ಚಿಕ್ಕಮ್ಮ!"

"ಹೇಳಿದ್ರೆ ಮೂಲೆಗೆ ಹಾಕ್ತೀರ ಅಂತ..."

ಅಣ್ಣ ಇಬ್ಬರ ಕಡೆಗೂ ತಿರುಗಿದರು. "ನೋಡಿ, ನಾನು ಎಷ್ಟೋ ಹೊಸ ಯಂತ್ರ ಬಂದಿದ್ದು ಕಂಡಿದೀನಿ. ಒಬ್ಬರು 'ಇನ್ಮೇಲೆ ಎಲ್ಲಾ ಇದೇ ಮಾಡತ್ತೆ' ಅಂತ ಕುಣೀತಾರೆ. ಇನ್ನೊಬ್ಬರು 'ನಮ್ಮ ಕಥೆ ಮುಗೀತು' ಅಂತ ಚೀಲ ಕಟ್ತಾರೆ. ಇದು ಯಾವ ಕೆಲಸಕ್ಕೆ, ತಪ್ಪಿದ್ರೆ ತಡೆಯೋರು ಯಾರು ಅಂತ ಇಬ್ಬರೂ ಕೇಳಲ್ಲ. ನಾನು ಹೊಸ ಲಿಫ್ಟಿಗೆ ಮೊದಲು ಮರಳಿನ ಮೂಟೆ ಹಾಕಿ ಓಡಿಸ್ತಿದ್ದೆ. ಆಮೇಲೇ ಮನುಷ್ಯರು."

"ಹಾಗಾದ್ರೆ ಏನು ಮಾಡೋಣ ಮಾವ?"

"ಅದು ಕೇಳಿಸ್ಕೊಂಡು ಬರೀಲಿ. ಇವಳು ಓದಲಿ. ಉತ್ತರ ಇವಳು ಬಟನ್ ಒತ್ತಿದ ಮೇಲೇ ಹೋಗಲಿ. ಮಾತು ಮಿಷನ್ ಬರ್ಕೊಳ್ಳತ್ತೆ ಅಂತ ಫೋನ್ ಮಾಡಿದವರಿಗೆ ಮೊದಲೇ ಹೇಳಿ. ಅವರ ಕಾಯಿಲೆ ವಿಷಯ ಎಲ್ಲಿ ಹೋಗಿ ಕೂರತ್ತೆ ಅಂತ ಮಾರೋರ ಹತ್ರ ಬರೆಸ್ಕೊಳ್ಳದೆ ತರಬೇಡಿ. ಹದಿನೈದು ದಿನ ನೋಡೋಣ."

ಎಲ್ಲ ಬರೆಸಿಕೊಂಡೇ ತಂದರು. ದಪ್ಪಕ್ಷರದಲ್ಲಿ ಮಾತು ಪರದೆಯ ಮೇಲೆ ಮೂಡುವುದನ್ನು ಕಂಡು ಚಿಕ್ಕಮ್ಮ ಮಗುವಿನ ಹಾಗೆ ನಕ್ಕರು. ಯಾರನ್ನೂ 'ಇನ್ನೊಂದ್ಸಲ ಹೇಳಿ' ಎಂದು ಗೋಗರೆಯಬೇಕಿಲ್ಲ. ಒಮ್ಮೊಮ್ಮೆ ಅದೂ ತಪ್ಪಾಗಿ ಬರೆಯುತ್ತಿತ್ತು. 'ಬಲಗಾಲು' ಹೋಗಿ 'ಬಲೆಗಾಳು' ಆಗಿತ್ತು. "ಇದಕ್ಕೂ ನನ್ನ ಹಾಗೇ ಕಿವಿ ಮಂದ" ಎಂದು ತಿದ್ದುತ್ತಿದ್ದರು.

ಹನ್ನೊಂದನೇ ದಿನ ಹಳೆಯ ಗಿರಾಕಿಯೊಬ್ಬರಾದ ಮೇಷ್ಟರ ಮಗಳು ಫೋನ್ ಮಾಡಿದಳು. ಅಪ್ಪನಿಗೆ ಹೊಸ ಕುರ್ಚಿ ಬೇಕು, ಸಾದಾ ಬ್ರೇಕು ಸಾಕಾ ಎಂದು ಕೇಳಿದಳು. ಪರದೆಯ ಮೇಲೆ ಮಿಷನ್ನಿನ ಉತ್ತರ ಕ್ಷಣದಲ್ಲಿ ಸಿದ್ಧ: 'ಖಂಡಿತ ಸಾಕು. ಯಾವ ಚಿಂತೆಯೂ ಬೇಡ.'

"ಎಷ್ಟು ಚೆನ್ನಾಗಿ ಬರೆದಿದೆ! ಒತ್ತಿಬಿಡಿ ಚಿಕ್ಕಮ್ಮ" ಎಂದಳು ಅಕ್ಕನ ಮಗಳು.

ಚಿಕ್ಕಮ್ಮನ ಬೆರಳು ಅಲ್ಲೇ ನಿಂತಿತು. ಅಳತೆಗೆಂದು ಆ ಮನೆಗೆ ಒಮ್ಮೆ ಅವರೇ ಹೋಗಿದ್ದರು. ಬಾಗಿಲು ದಾಟಿದರೆ ಕಡಿದಾದ ಇಳಿಜಾರು, ಅದರ ಕೊನೆಗೆ ಲಾರಿ ಓಡಾಡುವ ರಸ್ತೆ. ಸಾದಾ ಬ್ರೇಕು ನಿಂತ ಕುರ್ಚಿಯನ್ನು ಹಿಡಿಯುತ್ತದೆ, ಉರುಳುವ ಕುರ್ಚಿಯನ್ನಲ್ಲ.

ಉತ್ತರ ಅಳಿಸಿ ತಾವೇ ಮಾತಾಡಿದರು. "ಬೇಡಮ್ಮ. ನಿಮ್ಮನೆಗೆ ಹಿಂದೆ ತಳ್ಳೋರ ಕೈಗೂ ಬ್ರೇಕ್ ಸಿಗೋ ಕುರ್ಚಿನೇ ಬೇಕು. ಅಪ್ಪಂಗೆ ಆ ಇಳಿಜಾರಲ್ಲಿ ಏನಾದ್ರೂ ಆದ್ರೆ?"

ಆ ಕಡೆಯ ಮಾತು ಪರದೆಯ ಮೇಲೆ ಮೂಡಿತು: 'ನಮ್ಮನೆ ಇಳಿಜಾರು ನಿಮಗಿನ್ನೂ ನೆನಪಿದೆಯಾ ಚಿಕ್ಕಮ್ಮ?'

ಅಕ್ಕನ ಮಗಳು ಅದನ್ನು ಎರಡು ಸಲ ಓದಿದಳು.

"ಮಿಷನ್ ಬೇಕಂತ ಸುಳ್ಳು ಹೇಳ್ಲಿಲ್ಲ" ಎಂದರು ಅಣ್ಣ, ಮುಂದಿನ ಸಲ ಬಂದಾಗ ಈ ಸಂಗತಿ ಕೇಳಿ. "ಆ ಮನೆ ಅದು ನೋಡಿಲ್ಲ. ನೋಡಿಲ್ಲ ಅಂತ ಹೇಳೋಕೂ ಎಷ್ಟೋ ಸಲ ಅದಕ್ಕೆ ಬರಲ್ಲ. ಅದಕ್ಕೇ ನೋಡಿದವರು ಪಕ್ಕದಲ್ಲಿರಬೇಕು."

ಆ ವಾರವೇ ಅಕ್ಕನ ಮಗಳು ಚಿಕ್ಕಮ್ಮನನ್ನು ಕಿವಿ ಡಾಕ್ಟರ ಬಳಿ ಕರೆದುಕೊಂಡು ಹೋದಳು. ಹಿಂದಿರುಗಿ ಬಂದವಳೇ ಗೋಡೆಗೆ ಒಂದು ಹಾಳೆ ಅಂಟಿಸಿದಳು: 'ಚಿಕ್ಕಮ್ಮ ಓದದೆ ಇಲ್ಲಿಂದ ಒಂದು ಉತ್ತರವೂ ಹೋಗಕೂಡದು.' ಚಿಕ್ಕಮ್ಮ ಕನ್ನಡಕ ಏರಿಸಿ, ಬಂದಿದ್ದ ಮುಂದಿನ ಫೋನ್ ಎತ್ತಿಕೊಂಡರು.

ಅಂಗಡಿ, ಕಾರ್ಖಾನೆ, ಆಫೀಸು ನಡೆಸುವ ಅಕ್ಕಂದಿರೇ, ಅಣ್ಣಂದಿರೇ, ಎಐಗೆ ಹೆದರಬೇಡಿ, ಅದಕ್ಕೆ ಮರುಳಾಗಲೂ ಬೇಡಿ. ಒಂದು ಸಣ್ಣ ಕೆಲಸಕ್ಕೆ ಮೊದಲು ಹಚ್ಚಿ ನೋಡಿ. ಅದು ಎಷ್ಟೇ ನಯವಾಗಿ ಬರೆದರೂ ಕೆಲಸ ಬಲ್ಲವರು ಓದಿದ ಮೇಲೆಯೇ ಕಳಿಸಿ. ಗಿರಾಕಿಗಳ ಗುಟ್ಟನ್ನು ಸಿಕ್ಕಸಿಕ್ಕ ಆ್ಯಪಿಗೆ ಸುರಿಯಬೇಡಿ. ಯಂತ್ರ ತರುವ ಮುನ್ನ, ನಿಮ್ಮಲ್ಲಿ ವರ್ಷಗಟ್ಟಲೆ ದುಡಿದವರ ಪಕ್ಕ ಐದು ನಿಮಿಷ ಕೂತು ಕೇಳಿ: "ನಿಮಗೆ ಏನು ಕಷ್ಟ ಆಗ್ತಿದೆ?" ಅವರು ಹೇಳಲಿ. ಆಮೇಲೆ ತನ್ನಿ.