ಎಂಜಲು ತಿಂದ ಮೈಕು

ನಾನು ಒಂದು ಮೈಕು. ಕೈಯಲ್ಲಿ ಹಿಡಿದು ಮಾತಾಡುತ್ತಾರಲ್ಲ, ಉದ್ದ ವೈರಿನದು, ಅದು. ನನ್ನ ಮಾತು ಸ್ವಲ್ಪ ಒರಟಾದರೆ ಬೇಸರ ಮಾಡಿಕೊಳ್ಳಬೇಡಿ. ಜೀವಮಾನವೆಲ್ಲ ಪರರ ಎಂಜಲು ತಿಂದ ನನಗೆ ನಯವಾದ ಮಾತು ಎಲ್ಲಿಂದ ಬರಬೇಕು?

ಹುಟ್ಟಿದ್ದು ದಿಲ್ಲಿಯ ಒಂದು ಇಕ್ಕಟ್ಟಾದ ಕಾರ್ಖಾನೆಯಲ್ಲಿ. ಒಬ್ಬ ಹೆಂಗಸು ಕೂದಲಿಗಿಂತ ತೆಳ್ಳಗಿನ ತಾಮ್ರದ ತಂತಿ ಸುತ್ತಿ ನನ್ನ ಎದೆಯೊಳಗೆ ಇಟ್ಟಳು. ಅದರ ಮೇಲೆ ಈರುಳ್ಳಿ ಸಿಪ್ಪೆಯಂಥ ಒಂದು ಪೊರೆ. ತಲೆಗೆ ಜಾಲರಿಯ ಟೋಪಿ. ಆಮೇಲೆ ನನ್ನನ್ನು ಬಾಯಿಯ ಹತ್ತಿರ ಹಿಡಿದು, ಕೆಲಸ ಮಾಡುತ್ತದೋ ಇಲ್ಲವೋ ಎಂದು ಮೆಲ್ಲಗೆ ಏನೋ ಹೇಳಿದಳು. ಏಲಕ್ಕಿ ವಾಸನೆಯ ಉಸಿರು. ಲೋಕದ ಬಾಯೆಲ್ಲ ಹೀಗೇ ಇರುತ್ತದೆ ಅಂದುಕೊಂಡೆ. ಎಂಥ ದಡ್ಡತನ!

ಅಲ್ಲಿಂದ ರೈಲಿನಲ್ಲಿ ಬೆಂಗಳೂರು, ಬೆಂಗಳೂರಿಂದ ಅರಸೀಕೆರೆ. ಅಲ್ಲಿ ಮುನಾವರ್ ಸಾಬರು ಮೈಕ್ ಸೆಟ್, ಶಾಮಿಯಾನ ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದರು. ಒಳ್ಳೆಯ ಮನುಷ್ಯ. ಪ್ರತಿ ಕಾರ್ಯಕ್ರಮ ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ನನ್ನ ತಲೆ ಒರೆಸುತ್ತಾ, "ಬಾಯಲ್ಲಪ್ಪ ಇದು, ಮೋರಿ" ಎಂದು ಗೊಣಗುತ್ತಿದ್ದರು.

ಮೋರಿಯೇ. ಮದುವೆ ಮನೆಯಲ್ಲಿ ಬೀಗರ ಬಾಯಿಂದ ಹಸಿ ಈರುಳ್ಳಿ. ಚುನಾವಣೆಯಲ್ಲಿ ಗುಟ್ಕಾ. ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳ ಜೊಲ್ಲು, ಅದಾದರೂ ವಾಸಿ. ಎಲ್ಲರೂ ಮೊದಲು ನನ್ನ ತಲೆಗೆ ಟಕ ಟಕ ಬಡಿಯಬೇಕು, ಆಮೇಲೆ ಫೂ ಎಂದು ಊದಬೇಕು. ನಿಮ್ಮ ತಲೆಗೆ ಬಡಿದು ಮುಖಕ್ಕೆ ಊದಿದರೆ ನೀವು ಸುಮ್ಮನಿರುತ್ತೀರಾ?

ಇಷ್ಟನ್ನೂ ತಾಳಿಕೊಂಡೆ. ತಾಳಲಾಗದ್ದು ಒಂದು ಭಾನುವಾರ ಬಂತು.

ಊರಿನ ಸಭಾಭವನದಲ್ಲಿ ಒಂದು ಪುಸ್ತಕದ ಬಗ್ಗೆ ಓದುಗರ ಅಭಿಪ್ರಾಯ ಕೇಳುವ ಸಮಾರಂಭ. ಪುಸ್ತಕದ ಹೆಸರು 'ಉಪ್ಪಿನ ರೆಕ್ಕೆ'. ಬರೆದವಳು ಲಲಿತಾಕ್ಷಿ. ಅಂಚೆ ಕಚೇರಿಯಲ್ಲಿ ಕೆಲಸಕ್ಕಿದ್ದಳಂತೆ. ಮೂತ್ರಪಿಂಡದ ಕಾಯಿಲೆಯಾಗಿ ಚಿಕ್ಕ ವಯಸ್ಸಿಗೇ ಹೋಗಿಬಿಟ್ಟಳು. ಅವಳು ಬರೆದಿಟ್ಟಿದ್ದನ್ನು ಅಕ್ಕ ಗಂಗಾಂಬಿಕೆ ಒಯ್ದು ನಾಗಭೂಷಣ ಎಂಬ ಪ್ರಕಾಶಕರಿಗೆ ಕೊಟ್ಟರು. ಸತ್ತವಳ ಪುಸ್ತಕ ಎಂದು ಜನ ಮುಗಿಬಿದ್ದು ಕೊಂಡರು.

ಕಥೆ ಇಷ್ಟೇ. ಮಳೆಯೇ ಬಾರದ ಒಂದು ರಾಜ್ಯ. ಅಲ್ಲಿ ಹಂಸಿ ಎಂಬ ಹುಡುಗಿಯ ಬೆನ್ನಿಗೆ ಉಪ್ಪಿನ ರೆಕ್ಕೆ. ಅವಳು ಹಾರಿಹೋಗಿ ಮೋಡಗಳ ಒಡತಿಯನ್ನು ಮಳೆ ಬೇಡಬೇಕು. ಮಳೆ ಬಂದರೆ ರೆಕ್ಕೆ ಕರಗುತ್ತದೆ. ಗೊತ್ತಿದ್ದೂ ಹೋಗುತ್ತಾಳೆ, ಬೇಡುತ್ತಾಳೆ, ಮಳೆಯ ಜೊತೆಗೇ ಕೆಳಗೆ ಬೀಳುತ್ತಾಳೆ.

ಕಾರ್ಯಕ್ರಮ ಶುರುವಾಗುವ ಮೊದಲು ನಾಗಭೂಷಣ ನನ್ನನ್ನು ಕೈಯಲ್ಲಿ ಹಿಡಿದುಕೊಂಡೇ ವೇದಿಕೆಯ ಮೂಲೆಯಲ್ಲಿ ಒಬ್ಬ ಪ್ರೊಫೆಸರರ ಜೊತೆ ಪಿಸುಗುಟ್ಟಿದರು.

"ಎರಡನೇ ಮುದ್ರಣಕ್ಕೆ ಕೊನೇ ಅಧ್ಯಾಯ ನೀವು ತಿರುಗಿಸಿ ಬರೀರಿ ಸಾರ್. ಹುಡುಗಿಗೆ ಹೊಸ ರೆಕ್ಕೆ ಬರಲಿ. ಸುಖಾಂತ್ಯ ಇದ್ರೆ ಶಾಲೆಗಳಿಗೂ ಹೋಗುತ್ತೆ."

"ಅವಳ ಅಕ್ಕ ಒಪ್ಪಬೇಕಲ್ರೀ?"

"ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು, ಇಷ್ಟು ಜನದ ಮುಂದೆ ಮೈಕ್ ಹಿಡಿದ್ರೆ ಯಾವ ಹೆಂಗಸು ಬೇಡ ಅಂತಾಳೆ ಸಾರ್?"

ಥೂ! ಸನ್ಮಾನ ಎಂದರೆ ಇಲಿಗೆ ಬೋನಿನಲ್ಲಿ ಇಟ್ಟ ಕೊಬ್ಬರಿ ಚೂರು ಎಂದು ಅವತ್ತು ತಿಳಿಯಿತು. ನಾನಾದರೂ ಏನು ಮಾಡಲಿ? ನನ್ನ ಸ್ವಿಚ್ಚು ನನ್ನ ಕೈಯಲ್ಲಿಲ್ಲ.

ಗಂಗಾಂಬಿಕೆ ಮುಂದಿನ ಸಾಲಿನಲ್ಲಿ ಕೂತಿದ್ದರು. ಓದುಗರು ಒಬ್ಬೊಬ್ಬರಾಗಿ ಬಂದು ನನ್ನನ್ನು ಹಿಡಿದರು. ಮೊದಲನೆಯವರು ನಿವೃತ್ತ ಅಧಿಕಾರಿ. ಬಾಯಿ ತುಂಬ ಎಲೆಅಡಿಕೆ. "ಪುಸ್ತಕ ಪೂರ್ತಿ ಓದೋಕೆ ಪುರುಸೊತ್ತು ಆಗಿಲ್ಲ. ಆದ್ರೂ ಮಹತ್ವದ ಕೃತಿ" ಎಂದವರೇ ತಮ್ಮದೇ ಚುಟುಕಗಳನ್ನು ಹೇಳಲು ಶುರುಮಾಡಿದರು. ಒಂದೊಂದು ಪ್ರಾಸಕ್ಕೂ ನನ್ನ ಮುಖಕ್ಕೆ ಕೆಂಪು ಹನಿ.

ಎರಡನೆಯವರು ರೇಷ್ಮೆ ಸೀರೆಯ ಒಬ್ಬ ತಾಯಿ. "ಇದನ್ನ ಓದಿ ನನ್ನ ಮಗಳು ಎರಡು ದಿನ ಊಟ ಬಿಟ್ಲು. ಬರೆಯೋರಿಗೆ ಸ್ವಲ್ಪ ಜವಾಬ್ದಾರಿ ಬೇಡ್ವಾ?" ಚಪ್ಪಾಳೆಯೋ ಚಪ್ಪಾಳೆ.

ಮೂರನೆಯವರು ವಿಭೂತಿ ಧರಿಸಿದ್ದ ಹಿರಿಯರು. "ಸಾವು ಬರೆದ್ರು, ಸಾವು ಬಂತು. ದೇವರ ಕಥೆ ಬರೆದಿದ್ರೆ ಆಯಮ್ಮ ಇನ್ನೂ ಇರ್ತಿದ್ರು" ಎಂದರು.

ಒಡಹುಟ್ಟಿದವಳ ಎದುರಿಗೆ ಆಡುವ ಮಾತೇ ಅದು? ಅದನ್ನೂ ನಾನೇ ನುಂಗಿ, ನಾಲ್ಕು ಸ್ಪೀಕರಿನಲ್ಲಿ ಗಟ್ಟಿಯಾಗಿ ಕಾರಿದೆ. ಅವರ ಬಾಯಿಗಿಂತ ನನ್ನ ಹುಟ್ಟೇ ಹೇಸಿಗೆ ಅನ್ನಿಸಿತು. ಗಂಗಾಂಬಿಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕೂತಿದ್ದರು.

ಕೊನೆಗೆ ಬಂದವನು ಔಷಧಿ ಅಂಗಡಿಯ ನಿಂಗರಾಜ. "ನಂಗೆ ಮಧ್ಯದ ಭಾಗ ಹಿಡಿಸಲಿಲ್ಲ. ದಾರೀಲಿ ಹಂಸಿ ಜೊತೆ ಬರೋ ಆ ಗಿಳಿ ಇದೆಯಲ್ಲ, ಅದು ಬಾಯೇ ಮುಚ್ಚಲ್ಲ. ಬರೀ ಉಪದೇಶ. ಓದಿ ಓದಿ ನಿದ್ದೆ ಬಂತು. ಕೊನೆ ಮಾತ್ರ ಸರಿಯಾಗಿದೆ."

ಸಭೆಯಲ್ಲಿ ಗುಸುಗುಸು ಎದ್ದಿತು. ಸತ್ತವರನ್ನು ತೆಗಳುವುದುಂಟೇ! ಆದರೆ ಗಂಗಾಂಬಿಕೆ ಜೋರಾಗಿ ನಕ್ಕುಬಿಟ್ಟರು. "ನಾನೂ ಅದನ್ನೇ ಬಡ್ಕೊಂಡೆ ಕಣಪ್ಪ! ಗಿಳಿ ಕತ್ತು ಹಿಸುಕೇ ಅಂದ್ರೆ, ಕೇಳಿದ್ಲಾ ಅವಳು?"

ಅಷ್ಟು ಹೊತ್ತಿನಲ್ಲಿ ಪುಸ್ತಕವನ್ನು ಪುಸ್ತಕದ ಹಾಗೆ ಓದಿದ್ದವನು ಅವನೊಬ್ಬನೇ.

ಆಮೇಲೆ ಸನ್ಮಾನ. ಶಾಲು ಹೊದಿಸಿದರು, ಹಾರ ಹಾಕಿದರು, ಬುಟ್ಟಿ ಕೊಟ್ಟರು. ಓದುಗರ ಒತ್ತಾಯದ ಮೇರೆಗೆ ಹಂಸಿ ಮತ್ತೆ ಹಾರುತ್ತಾಳೆ ಎಂದು ನಾಗಭೂಷಣ ಸಾರಿದರು. ಚಪ್ಪಾಳೆಯ ನಡುವೆಯೇ ನನ್ನನ್ನು ಗಂಗಾಂಬಿಕೆಯ ಬಾಯಿಗೆ ಒಡ್ಡಿ, "ಒಪ್ಪಿದೀನಿ ಅಂತ ಒಂದು ಮಾತು ಹೇಳಿಬಿಡಿ ಅಕ್ಕ" ಎಂದರು.

"ಇರಪ್ಪ, ಮೊದ್ಲು ಇದನ್ನ ಎಲ್ಲಾದ್ರೂ ಇಡ್ತೀನಿ" ಎಂದು ಅವರು ಸುತ್ತ ನೋಡಿ, ಬುಟ್ಟಿಯನ್ನು ನಾಗಭೂಷಣರ ಕುರ್ಚಿಯ ಮೇಲೇ ಇಟ್ಟರು. ಶಾಲನ್ನೂ ತೆಗೆದು ಅದರ ಮೇಲೆ ಹಾಕಿದರು. ಆಮೇಲೆ ಮಾತಾಡಿದರು.

"ನನ್ನ ತಂಗಿ ಕೊನೇ ಪುಟ ಬರೆದ ದಿನ ಆಸ್ಪತ್ರೆಲಿ ನಾನು ಪಕ್ಕದಲ್ಲೇ ಇದ್ದೆ. ಅವಳು ಅಳಲಿಲ್ಲ. ಪೆನ್ನು ಮುಚ್ಚಿ, 'ಬಿದ್ದಳು ಕಣೇ ಅಕ್ಕ, ಮಳೆ ಬಂತು' ಅಂದ್ಲು. ಎಷ್ಟೋ ದಿನದಿಂದ ಅನ್ನ ಸೇರದೋಳು ಅವತ್ತು..."

ಮಾತು ಎತ್ತ ಹೋಗುತ್ತಿದೆ ಎಂದು ನಾಗಭೂಷಣರಿಗೆ ತಿಳಿದುಹೋಯಿತು. ನನ್ನನ್ನು ಕಿತ್ತುಕೊಂಡು, ಬೆವರಿದ ಅಂಗೈಯಿಂದ ನನ್ನ ತಲೆಯನ್ನು ಪೂರ್ತಿ ಮುಚ್ಚಿದರು. ಎದುರಿಗೇ ಸ್ಪೀಕರು. ಹಾಗೆ ತಲೆ ಮುಚ್ಚಿದರೆ ನಮ್ಮ ಜಾತಿಯವರು ಕಿರುಚುತ್ತಾರೆ. ನಾನೂ ಕಿರುಚಿದೆ. ಕೀ ಎಂದು, ಸಭಾಭವನದ ಗಾಜು ಅದುರುವಂತೆ. ಜನ ಕಿವಿ ಮುಚ್ಚಿಕೊಂಡರು. ನಾಗಭೂಷಣ ಬೆಚ್ಚಿ ನನ್ನನ್ನು ಕೈಬಿಟ್ಟರು. ಸಿಮೆಂಟಿನ ನೆಲಕ್ಕೆ ತಲೆ ಕೆಳಗಾಗಿ ಬಿದ್ದೆ.

ನನ್ನ ಕಿರುಚಾಟ ನಿಂತದ್ದೇ ಗಂಗಾಂಬಿಕೆ ಬರಿಗಂಟಲಿನಲ್ಲೇ ಮಾತು ಮುಗಿಸಿದರು. ನೆಲದ ಮೇಲಿದ್ದ ನನಗೂ ಕೇಳಿಸಿತು.

"ಅವತ್ತು ಹಸಿವು ಅಂದ್ಲು. ಎರಡು ಇಡ್ಲಿ ತಿಂದ್ಲು. ಅವಳಿಗೆ ಅಷ್ಟು ನೆಮ್ಮದಿ ಕೊಟ್ಟ ಪುಟ ಅದು. ನಿಮಗೆ ಮಳೆನೂ ಬೇಕು, ರೆಕ್ಕೆನೂ ಬೇಕು. ಬೇಕಿದ್ರೆ ನೀವೇ ಬರ್ಕೊಳ್ಳಿ, ನಿಮ್ಮ ಹೆಸರು ಹಾಕ್ಕೊಳ್ಳಿ. ಅವಳದ್ದು ಮುಟ್ಟಬೇಡಿ. ನಾನು ಒಪ್ಪಲ್ಲ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಗಂಗಾಂಬಿಕೆಗೆ ಅದು ಬೇಕಾಗಿಯೂ ಇರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದರು. ಅಕ್ಕನ ಒಪ್ಪಿಗೆ ಇಲ್ಲದೆ ಒಂದಕ್ಷರ ತಿದ್ದುವುದಿಲ್ಲ ಎಂದು ಪ್ರೊಫೆಸರು ಅಲ್ಲೇ ಕೈಚೆಲ್ಲಿದರು. ಪುಸ್ತಕದಲ್ಲಿ ಹಂಸಿ ಇವತ್ತಿಗೂ ಬೀಳುತ್ತಾಳೆ. ಜನ ಇವತ್ತಿಗೂ ಬೈಯುತ್ತಾ ಓದುತ್ತಾರೆ.

ನನ್ನ ಜಾಲರಿ ತಗ್ಗುಬಿದ್ದಿತ್ತು, ಪೊರೆ ಸೀಳಿತ್ತು. ನೆಗಡಿಯಾದವರ ದನಿ ಬಂದುಬಿಟ್ಟಿತು. ಸಭೆ ನಡೆಸುವವರು ನನ್ನನ್ನು ಒಲ್ಲೆವು ಎಂದರು. ಸಾಬರು ನನ್ನನ್ನು ಈರುಳ್ಳಿ ಗಾಡಿಯ ದೊಡ್ಡಯ್ಯನಿಗೆ ಕೊಟ್ಟರು. ಬೀದಿ ಬೀದಿ ತಿರುಗಿ ಈರುಳ್ಳಿಯ ಬೆಲೆ ಕೂಗಿದೆ. ಆ ಕೆಲಸದಲ್ಲಿ ಸುಳ್ಳು ಕಡಿಮೆ. ಆಮೇಲೆ ದನಿ ತುಂಬಿಟ್ಟುಕೊಂಡು ತಾನೇ ಕೂಗುವ ಪೆಟ್ಟಿಗೆ ಬಂತು. ಈಗ ನಾನು ಗಾಡಿಯ ಅಡಿಯಲ್ಲಿ, ಹರಿದ ಗೋಣಿಯ ಮೇಲೆ, ತುಕ್ಕು ಹಿಡಿದ ತೂಕದ ಬಟ್ಟುಗಳ ಜೊತೆ ಬಿದ್ದಿದ್ದೇನೆ. ಯಾರ ಬಾಯೂ ನನ್ನ ಹತ್ತಿರ ಬರುವುದಿಲ್ಲ.

ನನ್ನಿಂದ ಎಷ್ಟೋ ಮಾತು ಹೊರಟವು. ಹೊಗಳಿಕೆ, ಸುಳ್ಳು, ಚುಚ್ಚುಮಾತು. ಅದರಲ್ಲಿ ಒಂದೂ ನನ್ನದಲ್ಲ. ಅವತ್ತು ಕಿರುಚಿದ್ದು ಮಾತ್ರ ನಾನು.