ಗಾಳಿ ತಾಕಿದ ನೀಲಿ

ಬ್ಲೀಚಿಂಗ್ ಪುಡಿಯ ವಾಸನೆ, ಈ ಮನೆಯೊಳಗೆ ಕಾಲಿಡಬಾರದ ವಾಸನೆ, ಮೂಗಿಗೆ ಹೊಕ್ಕು ಕಣ್ಣಿನವರೆಗೆ ಉರಿಯುತ್ತದೆ, ಉರಿಯಲಿ, ವಾಸನೆ ಗೊತ್ತಾಗುತ್ತಿದೆಯಲ್ಲ, ಅವಳಿಗೆ ಮೂಗು ವಾಪಸು ಬಂತು, ಜ್ವರ ಬಿಟ್ಟಿತು, ಕೆಮ್ಮು ಬಿಟ್ಟಿತು, ಅದೇ ಮನೆ, ಅದೇ ತಟ್ಟೆ, ಅದೇ ಹಾಸಿಗೆ, ಅವಳನ್ನು ಸುಮ್ಮನೆ ಮುಟ್ಟಿ ಹೋದ ವೈರಸ್ಸು ಯಜಮಾನರನ್ನು ಮಾತ್ರ ಹಿಡಿದುಕೊಂಡು ಕೂತಿದೆ — ಮಗಳು ಸೆರಗು ಸಿಕ್ಕಿಸಿಕೊಂಡು ಬಕೆಟ್ಟಿನಲ್ಲಿ ಬಟ್ಟೆ ಅದ್ದಿ, ಹಿಂಡಿ, ಬಾಗಿಲ ಚೌಕಟ್ಟು ಉಜ್ಜುತ್ತಿದ್ದಾಳೆ, ಚೌಕಟ್ಟಿನ ಮೇಲೆ ಅವರು ಕೈಯೂರಿ ಚಪ್ಪಲಿ ಬಿಡುತ್ತಿದ್ದ ಜಾಗ, ನಾಲ್ಕು ಬೆರಳಿನ ನೀಲಿ, ಉಜ್ಜಿದಲ್ಲಿ ಮೊದಲು ಹಳದಿಗೆ ತಿರುಗಿ ಆಮೇಲೆ ಬರೀ ಮರ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ, ಆದರೆ ಅದನ್ನು ಮಗಳಿಗೆ ಹೇಳುವುದು ಹೇಗೆ, ಅವಳ ಕೈಗೂ ಏನಾದರೊಂದು ಕೆಲಸ ಬೇಕು, ಆಸ್ಪತ್ರೆಯ ಫೋನು ಬರುವವರೆಗೆ, ಡಾಕ್ಟರು ದಿನಾ ಮಧ್ಯಾಹ್ನ ಊಟದ ಹೊತ್ತಿಗೆ ಮಾಡುತ್ತಾರೆ, ಇನ್ನೂ ಹೊತ್ತಿದೆ, ಬಿಸಿಲು ಇನ್ನೂ ಕಿಟಕಿಯ ಕಟ್ಟೆಯಿಂದ ಇಳಿದಿಲ್ಲ. ಬಣ್ಣ ಹಾಕುವವರ ಮನೆಗೆ ಬ್ಲೀಚಿಂಗ್ ತರಬಾರದು ಕಣೇ, ಒಂದು ಹನಿ ಸಿಡಿದರೆ ವಾರದ ದುಡಿಮೆ ಹಾಳು, ಎಂದು ಅವರು ಮದುವೆಯಾದ ಹೊಸದರಲ್ಲೇ ಹೇಳಿದ್ದರು, ಅವಳು ಇಷ್ಟು ವರ್ಷ ಅದನ್ನು ತರಲಿಲ್ಲ, ನೆಲಕ್ಕೂ ಸೋಪಿನ ನೀರೇ, ಈಗ ಮಗಳು ಬಕೆಟ್ ತುಂಬ ಕಲಸಿಟ್ಟಿದ್ದಾಳೆ, ಬೈಯುವವರು ಇಲ್ಲ, ಇದ್ದಾರೆ, ಇಲ್ಲ ಅನ್ನಬಾರದು, ಇದ್ದಾರೆ, ಬಾಯೊಳಗೆ ಕೊಳವೆ ಇದೆ ಅಷ್ಟೇ.

ನೀಲಿಯಣ್ಣ ಅನ್ನುತ್ತದೆ ಇಡೀ ಬೀದಿ, ಹೆಸರು ಯಾರಿಗೂ ಬೇಡ, ಮೊಣಕೈವರೆಗೆ ನೀಲಿ, ಹತ್ತೂ ಉಗುರು ನೀಲಿ, ಚುಕ್ಕಿ ಮೂಡಲೆಂದು ಬಟ್ಟೆಗೆ ಗಂಟು ಕಟ್ಟಿದ ದಾರವನ್ನು ಹಲ್ಲಿನಲ್ಲಿ ಬಿಡಿಸುವ ಅಭ್ಯಾಸದಿಂದ ತುಟಿಯೂ ನೀಲಿ, ಗ್ಲೌಸ್ ಹಾಕಿಕೊಳ್ಳಿ ಅಂದರೆ ಗ್ಲೌಸ್ ಹಾಕ್ಕೊಂಡ್ರೆ ಬಟ್ಟೆ ಹೇಳೋದು ಕೇಳ್ಸಲ್ಲ ಕಣೇ, ಕೈ ಕೆಸರಾದ್ರೆ ಬಾಯಿ ಮೊಸರು, ನಂದು ಕೈಯೂ ನೀಲಿ ಬಾಯೂ ನೀಲಿ, ಮೊಸರು ಎಲ್ಲೋ ದಾರಿ ತಪ್ಪಿದೆ, ಎಂದು ನಗುತ್ತಿದ್ದರು, ನಕ್ಕಾಗ ಹೊಟ್ಟೆ ಕುಣಿಯುತ್ತಿತ್ತು. ಆ ಹೊಟ್ಟೆಯನ್ನೂ ಡಾಕ್ಟರು ಲೆಕ್ಕಕ್ಕೆ ಹಿಡಿದರು, ನೋಡಿಮ್ಮ, ವಯಸ್ಸು ಅರವತ್ತು ದಾಟಿದೆ, ಸಕ್ಕರೆ ಕಾಯಿಲೆ ಇದೆ, ಬಿಪಿ ಇದೆ, ಮೈ ತೂಕನೂ ಜಾಸ್ತಿ, ಇಂಥವರಲ್ಲಿ ಹೇಳೋಕಾಗಲ್ಲ — ಪಾಪ, ಒಳ್ಳೆಯ ಹುಡುಗ, ದನಿಯಲ್ಲೇ ದಣಿವು, ಒಂದೊಂದನ್ನೂ ಮೆಲ್ಲಗೆ ಹೇಳಿದ, ಅವಳಿಗೆ ಮಾತ್ರ ಯಾರೋ ತನ್ನ ಸಂಸಾರದ ಪೆಟ್ಟಿಗೆ ತೆಗೆದು ಒಂದೊಂದೇ ಸಾಮಾನು ಹೊರಗಿಡುತ್ತಿದ್ದಾರೆ ಅನ್ನಿಸಿತು. ವಯಸ್ಸು, ಇಬ್ಬರೂ ಕೂಡಿಯೇ ಮಾಡಿದ್ದು. ಸಕ್ಕರೆ, ಚಹಾಕ್ಕೆ ಅವಳು ಹಾಕದೇ ಕೊಟ್ಟರೆ ಬೆನ್ನು ತಿರುಗಿಸಿದಾಗ ಡಬ್ಬಿಗೆ ಕೈ ಹಾಕುತ್ತಿದ್ದರು, ಸಿಕ್ಕಿಬೀಳುತ್ತಿದ್ದರು ಪ್ರತಿ ಸಲ, ಡಬ್ಬಿಯ ಮುಚ್ಚಳದ ಮೇಲೆ ನೀಲಿ ಬೆರಳು, ಇರುವೆ ನೋಡ್ತಿದ್ದೆ ಅಂತ ಅವರು, ಕಳ್ಳನಿಗೊಂದು ಪಿಳ್ಳೆ ನೆವ ಅಂತ ಅವಳು. ಬಿಪಿ, ಅದು ಮಗಳ ಮದುವೆ ವರ್ಷ ಬಂದದ್ದು, ಮಾತ್ರೆ ನುಂಗಿದಿರಾ ಅಂದರೆ ಹೂಂ ಅನ್ನುವುದು. ತೂಕ, ರಾತ್ರಿ ಆ ಹೊಟ್ಟೆಯ ಮೇಲೆ ಕೈಯಿಟ್ಟರೆ ಅವಳಿಗೆ ನಿದ್ದೆ, ಏರುವುದು ಇಳಿಯುವುದು, ಏರುವುದು ಇಳಿಯುವುದು, ಈಗ ಅದನ್ನು ಒಂದು ಮೆಷಿನ್ನು ಏರಿಸಿ ಇಳಿಸುತ್ತಿದೆಯಂತೆ. ಎಲ್ಲ ಹೇಳಿಯಾದ ಮೇಲೆ ಡಾಕ್ಟರು, ಎಲ್ಲಕ್ಕಿಂತ ಮುಖ್ಯ ತಡವಾಗಿ ಕರ್ಕೊಂಡು ಬಂದ್ರಿ ಅಮ್ಮ, ಆಕ್ಸಿಜನ್ ತುಂಬ ಇಳಿದುಹೋಗಿತ್ತು, ಮನೇಲಿ ನೋಡ್ತಾ ಇರ್ಲಿಲ್ವಾ, ಅಂದರು.

ನೋಡುತ್ತಿದ್ದೆವಲ್ಲ, ದಿನಾ ನೋಡುತ್ತಿದ್ದೆವಲ್ಲ, ಅಳಿಯ ಗೇಟಿನ ಮೇಲಿಂದ ಚೀಲ ಇಳಿಬಿಟ್ಟು ಹೋಗಿದ್ದ, ಔಷಧಿ, ಹಣ್ಣು, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು, ಬಟ್ಟೆ ಒಣಗಿಸುವ ಕ್ಲಿಪ್ಪಿನ ಹಾಗೆ ಬಾಯಿ ತೆರೆಯುವ ಪುಟ್ಟ ಯಂತ್ರ, ಅವಳ ಬೆರಳಿಗೆ ಹಾಕಿದರೆ ತೊಂಬತ್ತೇಳು, ಅವರ ಬೆರಳಿಗೆ ಹಾಕಿದರೆ ಎಂಬತ್ತನಾಲ್ಕು, ಇನ್ನೊಂದು ಬೆರಳು, ಎಂಬತ್ತೈದು, ಇನ್ನೊಂದು, ಗೆರೆಗೆರೆ ತೋರಿಸಿ ಸುಮ್ಮನಾಯಿತು, ಇಬ್ಬರೂ ನಕ್ಕರು. ನಗದೇ ಇನ್ನೇನು, ಬ್ಯಾಂಕಿನ ಹೆಬ್ಬೆಟ್ಟಿನ ಯಂತ್ರ ಅವರನ್ನು ಮನುಷ್ಯ ಅಂತಲೇ ಒಪ್ಪಿರಲಿಲ್ಲ, ಒರೆಸಿ ಇಡಿ, ನಿಂಬೆಹಣ್ಣು ಉಜ್ಜಿ ಇಡಿ, ನಾಳೆ ಬನ್ನಿ, ಕೊನೆಗೆ ಮ್ಯಾನೇಜರೇ ಎದ್ದು ಬಂದು ಇವರು ನೀಲಿಯಣ್ಣ, ನಂಗೊತ್ತು ಬಿಡ್ರೀ ಅಂದ ಮೇಲೆ ಕೆಲಸವಾದದ್ದು. ಯಂತ್ರಕ್ಕೂ ನನ್ನ ಬೆರಳಿಗೂ ಜಾತಕ ಕೂಡಿಬರಲ್ಲ ಕಣೇ, ಬಣ್ಣ ನೋಡಿ ಹೆದರ್ಕೊಳ್ತವೆ ಅಂದರು, ಮಗಳು ಫೋನಿನಲ್ಲಿ ಎಷ್ಟು ತೋರಿಸ್ತಾ ಇದೆ ಅಮ್ಮ ಅಂದಳು, ನಂದು ತೊಂಬತ್ತೇಳು, ಅಪ್ಪನ ಬೆರಳು ಗೊತ್ತಲ್ಲ, ಅಂದಳು ಇವಳು, ಮಗಳೂ ನಕ್ಕಳು. ಇಷ್ಟೇ. ಮೂವರೂ ನಕ್ಕದ್ದು ಇಷ್ಟೇ. ಈಗ ಮಗಳು ಆ ನಗೆಯ ಮಾತೆತ್ತುವುದಿಲ್ಲ, ಇವಳೂ ಎತ್ತುವುದಿಲ್ಲ, ಬಟ್ಟೆ ಅದ್ದುವ ಸದ್ದು, ಹಿಂಡುವ ಸದ್ದು, ಇಬ್ಬರ ನಡುವೆ ಓಡಾಡುವುದು ಅದೊಂದೇ. ಉಸಿರಾಡೋಕೆ ಕಷ್ಟ ಆಗ್ತಿದೆಯಾ ಅಂದರೆ ಇಲ್ಲ ಅನ್ನುತ್ತಿದ್ದರು, ಮಾತೂ ಆಡುತ್ತಿದ್ದರು, ಕೂತಲ್ಲೇ ಒಂದು ಇಡೀ ದುಪ್ಪಟಿಗೆ ಗಂಟು ಕಟ್ಟಿ ಮುಗಿಸಿದರು, ಆಸ್ಪತ್ರೆಗೆ ಹೋಗೋಣವಾ ಅಂದರೆ ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ಳೋಕಾಗುತ್ತಾ, ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ, ಅಂದರು, ಉಗುರಲ್ಲೇ ಇತ್ತಲ್ಲ ಎಲ್ಲ, ಉಗುರಲ್ಲೇ ಕೂತು ಕೂಗುತ್ತಿತ್ತು, ಯಾವ ನೀಲಿ ಬಣ್ಣದ ತೊಟ್ಟಿಯದು ಯಾವ ನೀಲಿ ಒಳಗಿನದು ಅಂತ ಯಾರು ಹೇಳಬೇಕು, ಬೇರೆ ಯಾರ ಗಂಡನ ತುಟಿ ಹಾಗೆ ಕಂಡಿದ್ದರೂ ಅವಳು ಬೀದಿ ಕೂಡಿಸುತ್ತಿದ್ದಳು.

ಅದಕ್ಕೂ ಮೊದಲೇ ಒಂದು ಬೆಳಿಗ್ಗೆ ಹಿಂದಿನ ಶೆಡ್ಡಿನಲ್ಲಿ ತೊಟ್ಟಿಯ ಮೇಲೆ ಬಗ್ಗಿ, ಲೇ, ಬಾ ಇಲ್ಲಿ, ತೊಟ್ಟಿ ಸತ್ತುಹೋಗಿದೆ ಕಣೇ, ವಾಸನೇನೇ ಇಲ್ಲ, ಅಂದಿದ್ದರು, ನೀಲಿ ತೊಟ್ಟಿ ಹುದುಗಿ ಜೀವಂತ ಇದೆಯೋ ಇಲ್ಲವೋ ಅಂತ ಅವರು ಮೂಗಿನಲ್ಲೇ ತಿಳಿಯುವವರು, ಅವಳಿಗೆ ಬಾಗಿಲಿಂದಲೇ ಗಬ್ಬು ಹೊಡೆಯುತ್ತಿತ್ತು, ಸತ್ತಿಲ್ಲ ರೀ, ಚೆನ್ನಾಗೇ ನಾರ್ತಾ ಇದೆ, ನಿಮ್ಮ ಮೂಗು ಕಟ್ಟಿದೆ, ಅಂದಳು, ಅವರು ನಂಬಲಿಲ್ಲ, ತೊಟ್ಟಿ ಬದುಕಿಸಲು ಸುಣ್ಣ ಸುರಿದರು, ಇನ್ನಷ್ಟು ಸುರಿದರು, ಒಳ್ಳೆಯ ತೊಟ್ಟಿ ಕೈಯಾರೆ ಕೆಡಿಸಿದರು, ಅದರ ಪಕ್ಕ ಸ್ಟೂಲು ಹಾಕಿಕೊಂಡು ಕೂತು ಎಂದೂ ಅಳದವರು ಕಣ್ಣು ಒರೆಸಿಕೊಂಡರು, ಕೆನ್ನೆಯ ಮೇಲೊಂದು ನೀಲಿ ಗೆರೆ. ಮದುವೆಯ ಹೊಸದರಲ್ಲಿ ಅವಳನ್ನು ಅದೇ ಶೆಡ್ಡಿಗೆ ಕೈ ಹಿಡಿದು ಕರೆದುಕೊಂಡು ಹೋಗಿದ್ದರು, ನೋಡು, ಈಗ ನೋಡು, ಅಂತ ತೊಟ್ಟಿಯಿಂದ ಬಟ್ಟೆ ಎತ್ತಿದರು, ಹಸಿರು, ಕೊಳಕು ಹಸಿರು, ಇದೇನು ರೀ ನೀಲಿ ಅಂದ್ರಿ ಅಂದಳು, ತಡಿಯೇ, ಅದಕ್ಕೆ ಗಾಳಿ ತಾಕಲಿ ಅಂದರು, ನೋಡುತ್ತಿದ್ದ ಹಾಗೆ ಅಂಚಿನಿಂದ ನೀಲಿ ಹಬ್ಬಿತು, ಅವಳಿಗೆ ಮೈ ಜುಮ್ಮೆಂದಿತು, ಈ ಮನುಷ್ಯನ ಜೊತೆ ಬಾಳಬಹುದು ಅಂತ ಅವಳು ಒಪ್ಪಿಕೊಂಡದ್ದು ಮಂಟಪದಲ್ಲಲ್ಲ, ಅಲ್ಲಿ. ಬಟ್ಟೆ ಗಾಳಿ ಸಿಕ್ಕಿದರೆ ನೀಲಿಯಾಗುತ್ತದೆ, ಮನುಷ್ಯ ಗಾಳಿ ಸಿಗದಿದ್ದರೆ, ಇಷ್ಟು ವರ್ಷ ಜೊತೆಗಿದ್ದವಳಿಗೆ ಇದು ಹೊಳೆಯಲಿಲ್ಲ. ಕೊನೆಗೂ ಕರೆದೊಯ್ದ ದಿನ ಆಸ್ಪತ್ರೆಯ ಬಾಗಿಲಲ್ಲಿ ಮೈಯೆಲ್ಲ ಮುಚ್ಚಿಕೊಂಡ ನರ್ಸಮ್ಮ ಅವರ ಕೈ ನೋಡಿದಳು, ಅಯ್ಯೋ ಇದೇನಜ್ಜ, ಬಣ್ಣನಾ, ಅಂದಳು, ಕೂಡಲೇ ಕ್ಲಿಪ್ಪನ್ನು ಕಿವಿಯ ಹಾಲೆಗೆ ಸಿಕ್ಕಿಸಿದಳು. ಕಿವಿಗೆ. ಅವರ ಕಿವಿಗೆ ಬಣ್ಣವಿಲ್ಲ, ಬೆಳ್ಳಗೆ, ಮಗುವಿನ ಕಿವಿಯ ಹಾಗೆ, ಸಿಟ್ಟು ಬಂದಾಗ ಅವಳು ಹಿಂಡುತ್ತಿದ್ದ ಕಿವಿ, ಮನೆಯಲ್ಲಿ ಪಕ್ಕದಲ್ಲೇ ಇತ್ತು, ಎರಡೆರಡು ಇದ್ದವು — ಅಲ್ಲಿ ಬಂದ ಅಂಕಿ ಮನೆಯದಕ್ಕಿಂತ ಕೆಳಗೆ, ನರ್ಸಮ್ಮ ಓಡಿದಳು, ಗಾಲಿ ಮಂಚ ಬಂತು, ಅವರು ಹಿಂತಿರುಗಿ ನೋಡಿ, ತೊಟ್ಟಿ ಮುಚ್ಚಿಡೇ, ಅಂದರು, ಮುಚ್ಚಿಟ್ಟಿದ್ದಾಳೆ, ಕೆಟ್ಟ ತೊಟ್ಟಿಯನ್ನು ಹಲಗೆ ಹಾಕಿ ಮುಚ್ಚಿಟ್ಟು ಕಾಯುತ್ತಿದ್ದಾಳೆ.

ಚೌಕಟ್ಟು ಮುಗಿಯಿತು, ಮಗಳು ಈಗ ಕಪಾಟಿನ ಹಿಡಿ, ಈಗ ಕುರ್ಚಿಯ ಕೈ, ಹೋಗುತ್ತಿದ್ದಾರೆ ಅವರು, ತುಂಡು ತುಂಡಾಗಿ ಬಕೆಟ್ಟಿನೊಳಗೆ ಹೋಗುತ್ತಿದ್ದಾರೆ, ಈಗ ಗೋಡೆ, ಸ್ವಿಚ್ಚಿನ ಬಿಳಿ ಹಲಗೆ, ಅದರ ಮೇಲೆ ಒಂದೇ ಒಂದು ಹೆಬ್ಬೆರಳು, ಸಂಜೆ ಶೆಡ್ಡಿನಿಂದ ಒಳಗೆ ಬಂದವರೇ ದೀಪ ಹಾಕುತ್ತಿದ್ದ ಜಾಗ, ಎಷ್ಟು ಸಂಜೆಗಳ ನೀಲಿ ಒಂದರ ಮೇಲೊಂದು ಕೂತು ಕಪ್ಪಿಟ್ಟಿದೆ, ಮೊದಲೆಲ್ಲ ಇವಳೇ ಗೊಣಗುತ್ತಿದ್ದಳು, ಕೈ ತೊಳೆದು ಹಾಕೋಕೆ ಏನು ರೋಗ ನಿಮಗೆ, ರೋಗ, ಆ ಬಾಯಿ ಸುಟ್ಟುಹೋಗಲಿ — ಅದೊಂದು ಬೇಡ ಕಣೇ, ಬಿಡು ಅದನ್ನ, ಅನ್ನುತ್ತಾಳೆ, ಮಗಳ ಕೈ ನಿಲ್ಲುತ್ತದೆ, ವೈರಸ್ ಅಮ್ಮ, ಅಪ್ಪ ವಾಪಸ್ ಬಂದಾಗ ಮನೆ ಚೊಕ್ಕಟವಾಗಿರಬೇಕಲ್ಲ, ಬಂದಾಗ ಎಂದಳಲ್ಲ, ಎಷ್ಟು ಸಲೀಸಾಗಿ ಎಂದಳು, ಬಂದಮೇಲೆ ನಿಮ್ಮಪ್ಪನೇ ಒರೆಸಿಕೊಳ್ಳಲಿ ಬಿಡು, ಎಂದು ಇವಳು, ಮಗಳು ನಗಲು ಹೋಗುತ್ತಾಳೆ, ಆ ನಗೆ ಇಬ್ಬರಿಗೂ ಗೊತ್ತು, ಅರ್ಧಕ್ಕೇ ನಿಲ್ಲುತ್ತದೆ, ಆಗ ಫೋನು. ಇಷ್ಟು ಬೇಗ ಯಾಕೆ, ಬಿಸಿಲು ಇನ್ನೂ ಕಿಟಕಿಯ ಕಟ್ಟೆಯ ಮೇಲೇ ಇದೆ, ಇನ್ನೂ ಊಟದ ಹೊತ್ತಾಗಿಲ್ಲ, ಬೇರೆ ಯಾರೋ ಇರಬೇಕು, ಅಳಿಯ ಇರಬೇಕು, ಮಗಳು ಒದ್ದೆ ಕೈಯಲ್ಲೇ ಎತ್ತುತ್ತಾಳೆ, ಹೇಳಿ ಸರ್, ಸರ್ ಎಂದಳು, ಅಳಿಯನಲ್ಲ, ಹೂಂ, ಹೂಂ ಸರ್, ಮಗಳೇ ಮಾತಾಡ್ತಿರೋದು, ಹೂಂ, ಯಾವಾಗ ಸರ್ — ಯಾವಾಗ ಎಂದರೆ ಏನು, ಮನೆಗೆ ಕಳಿಸುವುದು ಯಾವಾಗ ಎಂದೂ ಕೇಳಬಹುದಲ್ಲ, ಆ ಮಾತಿಗೆ ಆ ಅರ್ಥವೂ ಇದೆಯಲ್ಲ, ಬಟ್ಟೆ ಮಗಳ ಕೈಯಿಂದ ಬಕೆಟ್ಟಿಗೆ ಬೀಳುತ್ತದೆ, ಇವಳು ತಿರುಗಿ ನೋಡುವುದಿಲ್ಲ, ಗೋಡೆಯ ಕಡೆಗೇ ನಿಂತಿದ್ದಾಳೆ, ತನ್ನ ಹೆಬ್ಬೆರಳನ್ನು ಆ ಹೆಬ್ಬೆರಳಿನ ಮೇಲಿಡುತ್ತಾಳೆ, ಸಾಲುವುದಿಲ್ಲ, ಅವರದು ಅಗಲ, ಇವಳ ಬೆರಳಿನ ಸುತ್ತ ನೀಲಿ ಉಳಿಯುತ್ತದೆ, ಅಮ್ಮಾ, ಉಳಿಯುತ್ತದೆ, ಅಮ್ಮಾ ಇಲ್ನೋಡು, ಬಾ ಇಲ್ಲಿ, ಕೂತ್ಕೋ ಬಾ, ಬೆರಳು ತೆಗೆಯಬಾರದು, ತೆಗೆದರೆ ಕೇಳಿಸಿಬಿಡುತ್ತದೆ, ಸುತ್ತ ನೀಲಿ, ಅವಳ ಬೆರಳಿನ ಸುತ್ತ ನೀಲಿ, ನೀಲಿ